ಅರ್ಧ ಚೆಲ್ಲಿದ ನಿರೋಪ

ನಿಜಾಮಸಾಬನ ಟ್ರ್ಯಾಕ್ಸ್ ಶಾಲೆಯ ತಿರುವಿನಲ್ಲಿ ಮರೆಯಾದದ್ದೇ ತಡ, ತಾನು ತಪ್ಪು ಮಾಡಿದೆನೆಂದು ಸಿದ್ಧಾರೂಢನಿಗೆ ಗೊತ್ತಾಗಿಹೋಯಿತು. ಬೀಳ್ಕೊಡಲು ಎತ್ತಿದ ಕೈ ಎತ್ತಿದಂತೆಯೇ ಇತ್ತು; ಮೊಣಕೈತನಕ ಹಿಟ್ಟು ಮೆತ್ತಿದ ಆ ಕೈಯನ್ನು ಇಳಿಸುವುದು ಅವನಿಗೆ ಮರೆತೇಹೋಗಿತ್ತು. ಹಿಂದಿನ ಸೀಟಿನ ಕಿಟಕಿಯಿಂದ ಮಗಳು ಅನ್ನಪೂರ್ಣಾ ತಿರುಗಿ ನೋಡಿ ನಕ್ಕಿದ್ದಳು. ಹದಿನಾಲ್ಕರ ಹುಡುಗಿ, ಎರಡು ಜಡೆಗೂ ಕೆಂಪು ರಿಬ್ಬನ್ನು, ತೊಡೆಯ ಮೇಲೆ ಅಜ್ಜಿ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಆ ನಗುವ ಬಾಯಿಯೊಳಗೆ, ಬೆಳಿಗ್ಗೆ ಅವನು ಮೂರು ಸಲ ಹೇಳಿಸಿ ಗಟ್ಟಿ ಮಾಡಿಸಿದ ಮಾತು ಕುಳಿತಿತ್ತು. ಅದನ್ನು ವಾಪಸು ಇಸಿದುಕೊಳ್ಳಬೇಕೆನ್ನಿಸಿ ಎರಡು ಹೆಜ್ಜೆ ಓಡಿದ. ಆಮೇಲೆ, ನಲವತ್ತು ವರ್ಷದ ಗಿರಣಿಯವನು ರಸ್ತೆಯಲ್ಲಿ ಓಡಿದರೆ ಊರು ಏನೆಂದೀತು ಎಂದು ನಿಂತು, ಚಪ್ಪಲಿಯೊಳಗೆ ಹರಳು ಸೇರಿದವನ ಹಾಗೆ ಕಾಲು ಝಾಡಿಸಿ, ಒಳಗೆ ಹೋಗಿ ಮೋಟರು ಚಾಲೂ ಮಾಡಿದ.

ನಾಗರ ಪಂಚಮಿಗೆ ಇನ್ನು ಎಂಟೇ ದಿನ. ಉಗರಗೋಳದ ಅರ್ಧ ಊರು ಹುರಿದ ಕಡಲೆ, ಹುರಿದ ಗೋದಿ, ಜೋಳದ ಅಳ್ಳು ಹೊತ್ತು ಗಿರಣಿಗೆ ಬರುತ್ತಿತ್ತು. ಡಬ್ಬಿಗಳು ಬಾಗಿಲಿನಿಂದ ಕಟ್ಟೆಯವರೆಗೆ ಸಾಲು ಹಿಡಿದಿದ್ದವು. ವರ್ಷದಲ್ಲಿ ಈ ಎಂಟು ದಿನ ಮಾತ್ರ ಗಿರಣಿ ಕಲ್ಲಿನ ವಾಸನೆ ಬಿಟ್ಟು ಅಡುಗೆ ಮನೆಯ ವಾಸನೆ ಹೊಡೆಯುತ್ತದೆ, ಮತ್ತು ಈ ಎಂಟು ದಿನ ಸಿದ್ಧಾರೂಢ ಯಾರ ಮೇಲೂ ರೇಗುವುದಿಲ್ಲ ಎಂದು ಊರಿಗೇ ಗೊತ್ತು. ಆದರೆ ಇವತ್ತು ಅವನಿಗೆ ತನ್ನ ಮೇಲೆಯೇ ರೇಗುತ್ತಿತ್ತು. ತಪ್ಪೇನು ಅದರಲ್ಲಿ? ಪರೀಕ್ಷೆ. ಮಗಳಿಗೆ ಮೊಬೈಲು ಕೊಡಿಸಬಹುದೋ ಇಲ್ಲವೋ ಎಂದು ಅಪ್ಪನಾದವನು ಒಂದು ಪರೀಕ್ಷೆ ಮಾಡಬಾರದೇ? ಹೇಳಿದ ಮಾತನ್ನು ಕೂಡಿಸದೆ ಕಳೆಯದೆ ಇನ್ನೊಂದು ಮನೆಗೆ ಮುಟ್ಟಿಸಿ ಬಂದ ಮಗು ದೊಡ್ಡದಾಯಿತು ಎಂದು ಲೆಕ್ಕ. ಅವನ ಅಪ್ಪನ ಕಾಲದಿಂದಲೂ ಮನೆಯಲ್ಲಿ ಹಾಗೇ ನಡೆದು ಬಂದದ್ದು. ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತ ಅವನು ಗಿರಣಿಯ ಬಾಯಿಗೆ ಧಾನ್ಯ ಸುರಿದ. ಕೆಳಗೆ ಬಟ್ಟೆಯ ಚೀಲದಿಂದ ಬಂದ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುವುದನ್ನೂ ಮರೆತ. ಲಗಮವ್ವ ತನ್ನ ಡಬ್ಬಿಯಲ್ಲಿ ಕೈಯಾಡಿಸಿ, ಮೋಟರಿನ ಗದ್ದಲಕ್ಕೆ ಮಿಕ್ಕುವ ಹಾಗೆ ಒದರಿದಳು.

"ಏನ್ರಿ ಸಿದ್ಧಾರೂಢಪ್ಪಾರ, ಅಳ್ಳಿಟ್ಟು ಮಾಡ್ರಿ ಅಂದ್ರ ರವಾ ಮಾಡಿ ಇಟ್ಟೀರಲ್ರಿ! ಧ್ಯಾನ ಎಲ್ಲೈತಿ?"

ಅವಳು ಒದರಬೇಕಾಗಿಯೇ ಇರಲಿಲ್ಲ. ಹದಿನೆಂಟು ವರ್ಷ ಗಿರಣಿಯ ಗದ್ದಲದಲ್ಲಿ ದುಡಿದು ಅವನು ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದ. ಹಾಗಾಗಿಯೇ ಸುತ್ತಲಿನ ಊರುಗಳ ನಿರೋಪಗಳೆಲ್ಲ ಈ ಗಿರಣಿಗೆ ಬಂದು ಬೀಳುತ್ತಿದ್ದವು. 'ಸಾಲಹಳ್ಳಿಯ ಅಕ್ಕ ಬಂದರೆ ಹೇಳ್ರಿ, ತವರಿಗೆ ಸೋಮವಾರ ಬರಲಿ,' 'ನಮ್ಮ ಬೀಗರು ಹಿಟ್ಟು ಒಯ್ಯಾಕ ಬಂದರೆ ಹೇಳ್ರಿ, ಆಕಳು ಈದೈತಿ.' ಯಾರ ಡಬ್ಬಿ, ಯಾರ ಮಾತು ಎಂದು ಎಂದೂ ಅದಲುಬದಲಾಗಿರಲಿಲ್ಲ. ಕಳೆದ ವರ್ಷ ಮೊಬೈಲು ಬಂದು ಆ ನಿರೋಪಗಳನ್ನೆಲ್ಲ ಕಸಿದುಕೊಂಡಿತು. ಅವನೂ ಒಂದು ಕೊಂಡ. ಹಿಟ್ಟಿನ ಧೂಳು ಹೊಗಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಬ್ಬರು ಹಾಕಿ, ಮೊಳೆಗೆ ನೇತುಹಾಕಿದ. ಅದು ಬಡಿದುಕೊಂಡದ್ದು ಗದ್ದಲದಲ್ಲಿ ಕೇಳುತ್ತಿರಲಿಲ್ಲ. ಚೀಲದೊಳಗೆ ಹಸಿರು ದೀಪ ಮಿಣಕಿದರೆ ಯಾರೋ ಕರೆಯುತ್ತಿದ್ದಾರೆ ಎಂದರ್ಥ. ನಂಬರುಗಳನ್ನು ಅದರೊಳಗೆ ತುಂಬುವ ಗೋಜಿಗೆ ಅವನು ಹೋಗಿರಲಿಲ್ಲ. ಅದಕ್ಕೆ ಮಗಳಿದ್ದಳು. 'ಅನ್ನಪೂರ್ಣಾ, ಪರಪ್ಪಂದು ಎಷ್ಟವ್ವಾ?' ಎಂದರೆ, ಬರೆಯುತ್ತಿದ್ದ ಗಣಿತದಿಂದ ತಲೆಯೆತ್ತದೆ ಹತ್ತೂ ಅಂಕಿ ಹೇಳುತ್ತಿದ್ದಳು. ಒಮ್ಮೆ ಕೇಳಿದ್ದು ಅವಳಿಗೆ ಮರೆತದ್ದೆಂಬುದಿಲ್ಲ. ಅದು ತನ್ನಿಂದಲೇ ಬಂದದ್ದು ಎಂದು ಅವನಿಗೆ ಹೆಮ್ಮೆ. ಆ ಹೆಮ್ಮೆಯ ಬುಡದಲ್ಲಿಯೇ ಒಂದು ಅಳುಕು.

ಎರಡು ತಿಂಗಳ ಹಿಂದೆ, ಒಂಬತ್ತನೆಯ ಇಯತ್ತೆ ಶುರುವಾದ ವಾರ, ಅವಳು ಒಂದೇ ಒಂದು ಸಲ ಕೇಳಿದ್ದಳು. ಸವದತ್ತಿಯಲ್ಲಿ ಟ್ಯೂಷನ್ ಮುಗಿಯುವುದು ಆರಕ್ಕೆ, ಬಸ್ಸು ಎರಡು ಸಲ ತಪ್ಪಿತ್ತು, ನಿಜಾಮಸಾಬನ ಮಗಳು ತಬಸ್ಸುಮ್‌ಳ ಕೈಯಲ್ಲಿ ಆಗಲೇ ಫೋನು ಬಂದಿತ್ತು. 'ಅಪ್ಪಾ, ನನಗೂ ಒಂದ ಯಾವಾಗ?' ಅವನು 'ನೋಡೂನು' ಎಂದ. ಅವಳು ಮತ್ತೆ ಕೇಳಲಿಲ್ಲ, ಅದೇ ಕಷ್ಟವಾದದ್ದು. ಅತ್ತು ರಂಪ ಮಾಡಿದ್ದರೆ ಬೈದು ಮುಗಿಸಬಹುದಿತ್ತು. ಹೆಂಡತಿ ನಾಗರತ್ನಾ ಕೊಡಿಸಿಬಿಡಿ ಎನ್ನುತ್ತಿದ್ದಳು. ಡಬ್ಬಿ ತಂದವರೆಲ್ಲ ತಮ್ಮ ತಮ್ಮ ಬುದ್ಧಿ ಹೇಳಿ ಹೋಗುತ್ತಿದ್ದರು. ಹತ್ತನೆಯದು ಪಾಸಾಗಲಿ ಎಂದು ಒಬ್ಬರು, ಮದುವೆಯಾದ ಮೇಲೆ ಗಂಡ ಕೊಡಿಸುತ್ತಾನೆ ಬಿಡಿ ಎಂದು ಲಗಮವ್ವ. ಹುಡುಗಿಯ ಕೈಗೆ ಫೋನು ಬಂದರೆ ಏನೇನಾಗುತ್ತದೆ ಎಂಬ ಕತೆಗಳನ್ನೂ ಹೇಳಿದರು. ಅವನ ಹೆದರಿಕೆ ಅದಲ್ಲವೇ ಅಲ್ಲ. ಮಗಳ ಮೇಲೆ ಅವನಿಗೆ ಅನುಮಾನ ಎಳ್ಳಷ್ಟೂ ಇರಲಿಲ್ಲ. ಅವನ ಹೆದರಿಕೆ ಯಾರಿಗೂ ಹೇಳುವಂಥದ್ದಾಗಿರಲಿಲ್ಲ. ಫೋನಿನಲ್ಲಿ ಹೋಗುವ ಮಾತಿಗೆ ದಾರಿ ಇಲ್ಲ, ಹಳ್ಳ ಇಲ್ಲ, ನೆರಳಿಗೆ ಕೂಡ್ರುವ ಗಿಡ ಇಲ್ಲ. ಬಾಯಿಯಿಂದ ಹೊರಟದ್ದು ಬಿಸಿ ಬಿಸಿಯಾಗಿಯೇ ಇನ್ನೊಬ್ಬರ ಕಿವಿಗೆ ಹೋಗಿ ಬೀಳುತ್ತದೆ. ಒಂದು ಮಗುವಿನ ಬಾಯಿಯಿಂದ ಬಂದ ತಪ್ಪಿಲ್ಲದ ಮಾತು ಏನು ಮಾಡಬಲ್ಲದು ಎಂದು ಅವನಿಗೆ ಗೊತ್ತಿದ್ದಷ್ಟು ಈ ಊರಿನಲ್ಲಿ ಮತ್ತಾರಿಗೂ ಗೊತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಅವನು ಹೊಲದ ಬದುವಿನ ಮೇಲೆ ಓಡುತ್ತಿದ್ದ. ಹತ್ತು ವರ್ಷ, ಚಡ್ಡಿಯ ಒಂದು ಗುಂಡಿ ಕಿತ್ತಿತ್ತು, ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದ. ಹಿಂದೆ, ಆಗ ತಮ್ಮ ಊರಾಗಿದ್ದ ಚಚಡಿಯ ಹೊಲದಲ್ಲಿ, ಅಪ್ಪ ಬಸವಲಿಂಗಪ್ಪ ಅಚ್ಚು ಮುರಿದ ಚಕ್ಕಡಿಯ ಮುಂದೆ ನಿಂತು ಇನ್ನೂ ಬೈಯುತ್ತಲೇ ಇದ್ದ. ಸುಗ್ಗಿಯ ಕಾಲದಲ್ಲಿ ಅಪ್ಪನ ತಮ್ಮ, ಕಾಕಾ ಮಡಿವಾಳೆಪ್ಪ, ಕೇಳದೆ ಚಕ್ಕಡಿ ಒಯ್ದು ಮುರಿದು ತಂದಿದ್ದ. ಹುಡುಗ ದಾರಿಯುದ್ದಕ್ಕೂ ಅಪ್ಪನ ಮಾತನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತ ಓಡಿದ, ಒಂದು ಅಕ್ಷರವೂ ಬೀಳಬಾರದು. ಮನೆಯ ಕಟ್ಟೆಯ ಮೇಲೆ ಕಾಕಾನ ಹೆಂಡತಿ ಚಿಗವ್ವನ ತವರಿನವರು ಕುಳಿತು ಚಹಾ ಕುಡಿಯುತ್ತಿದ್ದರು, ನಡುವೆ ಕಾಕಾ ಏನೋ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ಆ ಕಾಕಾನ ಹೆಗಲ ಮೇಲೆಯೇ ಅವನು ಬೆಳೆದದ್ದು. 'ಅಪ್ಪ ಹೇಳ್ಯಾನ,' ಅಂದ, ಕಾಲು ಜೋಡಿಸಿ ಶಾಲೆಯಲ್ಲಿ ಪಾಠ ಒಪ್ಪಿಸುವಂತೆ. 'ಕೇಳದ ಚಕ್ಕಡಿ ಒಯ್ಯವಗ ನಾಳಿಂದ ನನ್ನ ಒಲಿ ಮ್ಯಾಲೆ ರೊಟ್ಟಿ ಇಲ್ಲ. ನಿನ್ನ ಒಲಿ ಬ್ಯಾರೆ, ನನ್ನ ಒಲಿ ಬ್ಯಾರೆ.' ಅಪ್ಪನ ದನಿಯನ್ನೂ ಹಾಗೇ ತೆಗೆದಿದ್ದ. ಕೊನೆಯಲ್ಲಿ ಅಪ್ಪ ಉಗುಳಿದ್ದನ್ನೂ ಬಿಡದೆ ಉಗುಳಿದ್ದ. ಬೀಗರ ಕೈಯಲ್ಲಿ ಚಹಾದ ಬಸಿಗಳು ನಿಂತುಹೋದವು. ಕಾಕಾ ಎದ್ದು ಒಳಗೆ ಹೋದ. ಆ ರಾತ್ರಿಯಿಂದ ಒಲೆ ಬೇರೆಯಾಯಿತು, ವರ್ಷ ತುಂಬುವುದರೊಳಗೆ ಅಪ್ಪ ಹೊಲ ಪಾಲಿಗೆ ಕೊಟ್ಟು ಉಗರಗೋಳಕ್ಕೆ ಬಂದು ಈ ಗಿರಣಿ ಹಾಕಿದ. ಮೂವತ್ತು ವರ್ಷ ಎರಡು ಮನೆಗಳ ಹೋಗಿಬರುವುದು ನಿಂತಿತು. ಅಪ್ಪ ತೀರಿದ ದಿನ ಕಾಕಾ ಬಂದು, ಅಂಗಳದಲ್ಲಿ ನಿಂತು, ನೀರೂ ಕುಡಿಯದೆ ಹೋದ. 'ಎಷ್ಟ ಶಾಣ್ಯಾ ನಿಮ್ಮ ಹುಡುಗ, ಒಂದ ಮಾತೂ ಬಿಡಲಿಲ್ಲ' ಎಂದು ಯಾರೋ ಆವತ್ತು ಅವನ ಬೆನ್ನು ತಟ್ಟಿದ್ದರು. ಆ ಜಾಗ ಇನ್ನೂ ಉರಿಯುತ್ತದೆ.

ಅಂಥವನು ಇವತ್ತು ಮಾಡಿದ್ದೇನು? ನಾಲ್ಕು ದಿನದ ಹಿಂದೆ ಚಚಡಿಯ ಪರಪ್ಪ ಗಿರಣಿಗೆ ಬಂದು, ಡಬ್ಬಿ ತಂದ ಹೆಂಗಸರೆಲ್ಲರ ಎದುರಿಗೆ, ಕಾಕಾನ ನಿರೋಪ ಹೇಳಿದ್ದ. ಬದುವಿನ ಮೇಲಿನ ಬೇವಿನ ಗಿಡ ಬಾಗಿದೆ, ಕಡಿಯಬೇಕೆಂದಿದ್ದೇವೆ, ಅದರಲ್ಲಿ ನಿಮ್ಮದೂ ಅರ್ಧ ಹಕ್ಕಿದೆ, ಏನನ್ನುತ್ತೀರಿ? ಮೂವತ್ತು ವರ್ಷದ ಮೇಲೆ ಬಂದ ಮೊದಲ ಮಾತು 'ಅರ್ಧ ಹಕ್ಕು.' ಯಾರೋ ಮೂರನೆಯವರಿಗೆ ಹೇಳಿ ಕಳಿಸಿದ ಹಾಗೆ. ಅವನಿಗೆ ಮೈಯೆಲ್ಲ ಉರಿಯಿತು, ನಾಲ್ಕು ದಿನ ಒಳಗೊಳಗೇ ಉರಿಯಿತು. ಇವತ್ತು ಬೆಳಿಗ್ಗೆ, ಭಾನುವಾರಕ್ಕೊಮ್ಮೆ ಚಚಡಿಯ ಮೇಲಿಂದ ಬೈಲಹೊಂಗಲದವರೆಗೆ ಹೋಗಿ ಬರುವ ನಿಜಾಮಸಾಬನ ಟ್ರ್ಯಾಕ್ಸ್ ಕಂಡದ್ದೇ, ಪರೀಕ್ಷೆ ಎಂಬ ನೆಪ ತಾನಾಗಿ ಸಿಕ್ಕಿತು. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿಸಿದ. 'ಗಿಡಾ ಕಡೀರಿ, ಬಿಡ್ರಿ, ಏನರೆ ಮಾಡ್ರಿ. ನಮ್ಮ ಅರ್ಧಾನೂ ನಿಮಗ ಬಿಟ್ಟೇವಿ. ಇನ್ನ ಮ್ಯಾಲೆ ಗಿಡದ್ದು ಹೊಲದ್ದು ನೆಪಾ ಮಾಡಿ ನಮ್ಮ ಮನೀಗೆ ಹೇಳಿ ಕಳಸೂದು ಬ್ಯಾಡ.' ಅವಳು ಮೂರನೆಯ ಸಲ ಹೇಳುವಾಗ ಅವನ ದನಿಯೇ ಬಂದಿತ್ತು. ಆಗಲೇ ಅವನಿಗೆ ತಿಳಿಯಬೇಕಿತ್ತು. ಪರೀಕ್ಷೆಯಂತೆ, ಪರೀಕ್ಷೆ! ಅಪ್ಪ ಸಿಟ್ಟಿನಲ್ಲಿ ಮಾಡಿದ್ದನ್ನು ಮಗ ನಾಲ್ಕು ದಿನ ಯೋಚಿಸಿ ಮಾಡಿದ್ದ.

ಅವನು ಮೋಟರು ಬಂದ್ ಮಾಡಿದ. ಕಲ್ಲು ಗರಗರ ತಿರುಗಿ ನಿಂತಿತು. ಏಕಾಏಕಿ ಸದ್ದಡಗಿದ್ದಕ್ಕೆ ಸಾಲಿನ ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಮೊಳೆಯಿಂದ ಫೋನು ಇಳಿಸಿ, ರಬ್ಬರು ಬಿಚ್ಚಿ, ಕೈಯಲ್ಲಿ ಹಿಡಿದ. ನಿಜಾಮಸಾಬನಿಗೆ ಫೋನು ಮಾಡಿ ಹುಡುಗಿಯನ್ನು ಚಚಡಿಯಲ್ಲಿ ಇಳಿಸಬೇಡ ಎಂದರೆ ಮುಗಿಯಿತು. ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು, ಬಾಯಿ ತಾನಾಗಿ ತೆರೆಯಿತು.

"ಅನ್ನಪೂರ್ಣಾ, ನಿಜಾಮಸಾಬಂದು ಎಷ್ಟವ್ವಾ?"

ಲಗಮವ್ವ ಕಿಸಕ್ಕನೆ ನಕ್ಕಳು. "ನಂಬರದ ಬುಕ್ಕನ್ನ ಟ್ರ್ಯಾಕ್ಸಿನಾಗ ಹಾಕಿ ಕಳಿಸಿ ಇಲ್ಲಿ ಕೇಳಾಕ ಹತ್ತೀರಲ್ರಿ!"

ನಕ್ಕದ್ದು ಸರಿಯೇ ಇತ್ತು. ಕಳಿಸಿದ ಮಾತೂ ಅವಳ ಹತ್ತಿರ, ಅದನ್ನು ತಡೆಯಬೇಕಾದ ನಂಬರೂ ಅವಳ ಹತ್ತಿರ, ಅವಳ ಹತ್ತಿರ ಇಲ್ಲದ್ದು ಫೋನೊಂದೇ. ಇವೆಲ್ಲ ಒಟ್ಟಿಗೆ ಹೊಳೆದು ಅವನಿಗೂ ಒಂದು ಕ್ಷಣ ನಗು ಬಂತು. ನಿಜಾಮಸಾಬನ ಮನೆಯತ್ತ ಹೊರಟ. ನಡೆಯುತ್ತೇನೆಂದುಕೊಂಡವನು ಓಡತೊಡಗಿದ್ದ. ಹುಬ್ಬು, ಮೀಸೆ, ಕಿವಿ ಎಲ್ಲ ಬೆಳ್ಳಗೆ, ಹೆಜ್ಜೆಗೊಮ್ಮೆ ಮೈಯಿಂದ ಹಿಟ್ಟಿನ ಹೊಗೆ ಏಳುತ್ತಿತ್ತು. ದೇವರಿಗೆ ಬಂದ ಪರವೂರಿನ ಜನ ಅಂಗಡಿಯ ಮುಂದೆ ನಿಂತು ಅವನನ್ನೇ ನೋಡಿದರು. ಒಂದು ನಾಯಿ ಸ್ವಲ್ಪ ದೂರ ಬೆನ್ನು ಹತ್ತಿ, ಏನೆಂದು ತಿಳಿಯದೆ ಬಿಟ್ಟುಬಿಟ್ಟಿತು. ಊರು ಏನೆಂದೀತು ಎಂದು ಈಗ ಅವನಿಗೆ ಅನ್ನಿಸಲಿಲ್ಲ. ಮೂವತ್ತು ವರ್ಷದ ಹಿಂದೆ ಓಡಿದ ದಾರಿಯನ್ನು ಹಿಂದುಮುಂದಾಗಿ ಓಡುತ್ತಿದ್ದೇನೆ ಅನ್ನಿಸಿತು.

ನಿಜಾಮಸಾಬನ ಹೆಂಡತಿ ಕಾಶಿಂಬಿ ಬಾಗಿಲಲ್ಲಿ ಅವನನ್ನು ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. "ಯಾಕ್ರಿ ಅಣ್ಣಾರ, ಗಿರಣಿ ಹಾರೇತೇನು?" ನಂಬರು ಅವಳಿಗೂ ಬರದು. ಒಳಗಿನಿಂದ ತಬಸ್ಸುಮ್ ಬಂದು, ತನ್ನ ಫೋನಿನಿಂದಲೇ ಅಪ್ಪನ ನಂಬರು ಒತ್ತಿ ಅವನ ಕೈಗೆ ಕೊಟ್ಟಳು. ಎಷ್ಟು ನಿರಾಯಾಸ! ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯ ಕನ್ನಡದಲ್ಲಿ, ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು. ಅವನು 'ಹೌದೇನ್ರಿ' ಎಂದು ಅವಳಿಗೂ ಉತ್ತರ ಕೊಟ್ಟ. ಎರಡು ಸಲ, ಮೂರು ಸಲ. ಕಾಶಿಂಬಿ ಕೊಟ್ಟ ನೀರು ಕುಡಿದು ನಾಲ್ಕನೆಯ ಸಲ ಮಾಡಿದಾಗ ನಿಜಾಮಸಾಬ ಸಿಕ್ಕ.

"ಈಗರೆ ಚಚಡ್ಯಾಗ ಇಳಿಸಿ ಬಂದೆ ಬಿಡ್ರಿ, ನಿಮ್ಮ ಕಾಕಾನ ಮನೀ ಮುಂದನ! ಒಳಗ ಹೋಗೂದನ್ನೂ ನೋಡೇನಿ. ಕಾಳಜಿ ಬ್ಯಾಡ್ರಿ, ತಿರಿಗಿ ಬರೋ ಮುಂದ ಕರಕೊಂಡ ಬರತೇನಿ."

ಕಾಳಜಿ ಬೇಡವಂತೆ. ತಬಸ್ಸುಮ್‌ಳ ಕೈಗೆ ಫೋನು ತಿರುಗಿ ಕೊಡುವಾಗ ಅದರ ಮೇಲೆ ತನ್ನ ಐದೂ ಬೆರಳಿನ ಬಿಳಿ ಗುರುತು ಮೂಡಿದ್ದು ಕಂಡು ನಾಚಿಕೆಯಾಯಿತು. ಅವಳು ಓಢಣಿಯ ತುದಿಯಿಂದ ಅದನ್ನು ಒರೆಸಿಕೊಂಡು, "ಅಂಕಲ್, ಅನ್ನಪೂರ್ಣಾಗ ಒಂದ ಕೊಡಸಿದ್ರ ನಿಮಗ ಓಡೂದ ತಪ್ಪತಿತ್ತು ನೋಡ್ರಿ" ಎಂದಳು.

ಗಿರಣಿಗೆ ಹೋಗಲಿಲ್ಲ, ಅದಕ್ಕೆ ಅಂಟಿದ ತನ್ನ ಮನೆಗೆ ಬಂದ. ಅವ್ವ ಚನ್ನವ್ವ ಕಟ್ಟೆಯ ಮೇಲೆ ಮೊರದಲ್ಲಿ ಅಳ್ಳು ಹಸನು ಮಾಡುತ್ತಿದ್ದಳು. ಎಪ್ಪತ್ತೆಂಟರ ಮುದುಕಿ, ಕಣ್ಣು ಮಂಜು, ಬೆರಳಿಗೆ ಮಾತ್ರ ಎಲ್ಲ ಕಾಣುತ್ತದೆ. ಅವನು ಅವಳ ಪಕ್ಕ ಕುಳಿತು, ಶಾಲೆಯಲ್ಲಿ ಪೆಟ್ಟು ತಿಂದು ಬಂದ ಹುಡುಗನಂತೆ ಎಲ್ಲವನ್ನೂ ಹೇಳಿಬಿಟ್ಟ. ಏನು ಹೇಳಿ ಕಳಿಸಿದೆ ಎನ್ನುವುದನ್ನು, ಆಮೇಲೆ, ಮೂವತ್ತು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು. ಅಂದು ತಾನು ಅಪ್ಪನ ದನಿ ತೆಗೆದದ್ದು, ಉಗುಳಿದ್ದು. ಅವ್ವ ಬೆರಳು ನಿಲ್ಲಿಸದೆ ಕೇಳಿದಳು.

"ಉಗುಳೂ ಉಗುಳಿದ್ಯಾ?" ಎಂದಳು ಕೊನೆಗೆ. "ಅದ ನನಗ ಗೊತ್ತಿರಲಿಲ್ಲ ನೋಡ." ಅವಳ ಮೈ ಸಣ್ಣಗೆ ಕುಲುಕಿತು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ, ಅವಳು ನಗುತ್ತಿದ್ದಳು.

"ನಗತೀಯೇನವಾ?"

"ಮತ್ತೇನ ಮಾಡ್ಲಿ? ನಿಮ್ಮಪ್ಪ ಆವತ್ತ ಹೊತ್ತ ಮುಣಗೂದ್ರಾಗ ತಣ್ಣಗ ಆಗಿದ್ದ. ಮನೀಗೆ ಬರತಾ ದಾರ್ಯಾಗ ನನಗ ಏನಂದಾ ಗೊತ್ತೈತೇನ? 'ಹುಡುಗ ಎಲ್ಲಿ ಹೇಳಿರತೈತಿ, ಬದುವಿನ ಮ್ಯಾಲೆ ಬಾರಿಹಣ್ಣ ತಿನಕೋತ ಮರತಿರತೈತಿ ಬಿಡು' ಅಂದಾ. ಹೇಳಬೇಕಂತ ಇದ್ದಿದ್ರ ತಾನ ಹೋಗಿ ಹೇಳತಿರಲಿಲ್ಲೇನ? ಸಿಟ್ಟಿನ ಮಾತ ಹುಡುಗರ ಕೈಯಾಗ ಯಾಕ ಕೊಟ್ಟ ಕಳಸ್ತಾರ? ದಾರ್ಯಾಗ ಅರ್ಧಾ ಚೆಲ್ಲಲಿ ಅಂತ. ನೀ ಒಂದ ಹನಿ ಚೆಲ್ಲದ ಒಯ್ದ ಕೊಟ್ಟಿ."

ಮೊರದಿಂದ ಒಂದು ಅಳ್ಳು ಹಾರಿ ಸಿದ್ಧಾರೂಢನ ಮೊಣಕಾಲಿನ ಮೇಲೆ ಬಿತ್ತು. ಮಲ್ಲಿಗೆಯಷ್ಟು ಬೆಳ್ಳಗೆ ಅರಳಿತ್ತು. ಇಷ್ಟು ವರ್ಷ ತನ್ನ ತಪ್ಪು ದನಿ ತೆಗೆದದ್ದು, ಉಗುಳಿದ್ದು ಎಂದುಕೊಂಡಿದ್ದ. ನಿಜವಾದ ತಪ್ಪು ಮರೆಯದೆ ಇದ್ದದ್ದು. ಅಪ್ಪ ಅವನನ್ನು ನಂಬಿ ಕಳಿಸಿದ್ದು ಹೇಳಲಿ ಎಂದಲ್ಲ, ಬಾರಿಹಣ್ಣು ತಿನ್ನಲಿ ಎಂದು. ಇದು ಯಾರಿಗಾದರೂ ಹೇಳಿದರೆ ನಂಬುವ ಮಾತೇ? ಅವನಿಗೆ ಹೊಟ್ಟೆಯೊಳಗಿನಿಂದ ನಗು ಎದ್ದು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂದು ಹಿಟ್ಟಿನ ಜೊತೆ ಕಲೆತು ಕೆನ್ನೆಯ ಮೇಲೆ ಕಣಕವಾಯಿತು. ಒಳಗಿನಿಂದ ಬಂದ ನಾಗರತ್ನಾ ಇಬ್ಬರನ್ನೂ ನೋಡಿ, ತಾಯಿ ಮಗನಿಗೆ ಏನಾಯಿತೆಂದು ಅಲ್ಲೇ ನಿಂತಳು. ಆದರೆ ನಗು ಮುಗಿದ ಕೂಡಲೇ ಮತ್ತೆ ಅದೇ ಯೋಚನೆ. ಅನ್ನಪೂರ್ಣಾ ಮರೆಯುವ ಹುಡುಗಿಯಲ್ಲ. ಅವಳು ಇಷ್ಟೊತ್ತಿಗೆ ಆ ಮನೆಯ ಕಟ್ಟೆಯ ಮುಂದೆ ಕಾಲು ಜೋಡಿಸಿ ನಿಂತಿರುತ್ತಾಳೆ.

ಮಧ್ಯಾಹ್ನವೆಲ್ಲ ಹಿಟ್ಟು ಬೀಸಿದ. ಬೇಕೆಂದೇ ನುಣ್ಣಗೆ ಬೀಸಿದ. ಲಗಮವ್ವನದನ್ನು ಮತ್ತೊಮ್ಮೆ ಹಾಕಿ ಕೊಟ್ಟ. ಪ್ಲಾಸ್ಟಿಕ್ ಚೀಲದ ಕಡೆ ಕಣ್ಣು ಹೋಗುತ್ತಲೇ ಇತ್ತು, ಹಸಿರು ದೀಪ ಮಿಣಕಲಿಲ್ಲ. ಮಿಣಕುವುದಾದರೂ ಹೇಗೆ, ಕರೆಯಬೇಕಾದವಳ ಕೈ ಖಾಲಿ. ಐದಕ್ಕೆ ಕರೆಂಟು ಹೋಯಿತು. ಹೋದ ಕೂಡಲೇ, ಆ ಮೌನದಲ್ಲಿ, ಟ್ರ್ಯಾಕ್ಸಿನ ಹಾರನ್ನು ಕೇಳಿಸಿತು. ನಿಜಾಮಸಾಬ ಯಾವಾಗಲೂ ಒಂದು ಸಲ ಹೊಡೆಯುವವನು ಇವತ್ತು ಮದುವೆಯ ದಿಬ್ಬಣದ ಗಾಡಿಯಂತೆ ಬಿಡದೆ ಹೊಡೆಯುತ್ತ ಬಂದು ಗಿರಣಿಯ ಮುಂದೆಯೇ ನಿಲ್ಲಿಸಿದ. ಮೊದಲು ಅನ್ನಪೂರ್ಣಾ ಇಳಿದಳು. ಆಮೇಲೆ ಮುಂದಿನ ಸೀಟಿನಿಂದ ಒಂದು ಕೋಲು, ಒಂದು ಕಾಲು, ಒಂದು ಬಿಳಿ ಪಟಕಾ. ಕಾಕಾ ಮಡಿವಾಳೆಪ್ಪ ಇಳಿದು, ಹೆಗಲ ಮೇಲೆ ಸುತ್ತಿಕೊಂಡಿದ್ದ ಹಗ್ಗವನ್ನು ಸರಿಮಾಡಿಕೊಂಡು, ಮೇಲಿನಿಂದ ಕೆಳಗೆ ಅವನನ್ನು ನೋಡಿದ. ಆ ನೋಟ ಹೊಟ್ಟೆಯ ಹತ್ತಿರ ನಿಂತಿತು.

"ಈ ಹಗ್ಗಾ ಸಾಲೂದಿಲ್ಲ," ಎಂದ ಕಾಕಾ. "ಬದಲ ಮಾಡಬೇಕು. ನಾ ಹತ್ತ ವರ್ಷದ ಹುಡುಗನ ತೂಕಾ ನೆನಪಿಟಗೊಂಡ ತಂದೇನಿ."

ಸಿದ್ಧಾರೂಢನಿಗೆ ಏನೊಂದೂ ತಿಳಿಯಲಿಲ್ಲ. ಕಾಲಿಗೆರಗಿದ. ಮುದುಕನ ಪಾದದ ಮೇಲೆ ಎರಡು ಬಿಳಿ ಅಂಗೈ ಮೂಡಿದವು. ಎಬ್ಬಿಸಿ ನಿಲ್ಲಿಸಿದ ಕಾಕಾನ ಕೈ ಹೆಗಲ ಮೇಲೆಯೇ ಉಳಿಯಿತು.

"ನೀ ಹೇಳಿ ಕಳಿಸಿದ್ದು ಮುಟ್ಟಿತಪಾ. ಗಿಡಾ ಕಡೀಬ್ಯಾಡ್ರಿ, ಪಂಚಮಿಗೆ ಮಕ್ಕಳ ಮರಿ ಎಲ್ಲಾ ಬಂದ ಜೋಕಾಲಿ ಕಟ್ಟತೇವಿ ಅಂತ ಹೇಳ್ಯಾನ್ರಿ ನಮ್ಮಪ್ಪ ಅಂದ್ಲು ನಿನ್ನ ಮಗಳು. ನಿಮ್ಮ ಚಿಗವ್ವಗ ಕಣ್ಣಾಗ ನೀರ ನಿಲ್ಲಲಿಲ್ಲ. ಅಕೀನ ಉಂಡಿ ಕಟ್ಟಿ ಕಳಿಸ್ಯಾಳ, ಹಬ್ಬಕ್ಕಿಂತ ಮೊದಲ." ಆಮೇಲೆ ದನಿ ತಗ್ಗಿಸಿ, ಕಳ್ಳತನ ಒಪ್ಪಿಕೊಳ್ಳುವವನಂತೆ ಅತ್ತಿತ್ತ ನೋಡಿ, "ಗಿಡಾ ಎಲ್ಲಿ ಬಾಗೈತೋ! ಕಂಬದಂಗ ನಿಂತೈತಿ. ನನಗೂ ವಯಸ್ಸಾತು. ಮಾತಾಡಸಾಕ ಒಂದ ನೆಪಾ ಬೇಕಾಗಿತ್ತು" ಎಂದ.

ನೆಪ. ತಾನು ಕಳಿಸಿದ ಮಾತಿನಲ್ಲಿ ಅದೇ ಶಬ್ದವಿತ್ತು. ಅದು ಆ ಕಟ್ಟೆಯನ್ನು ಮುಟ್ಟಿದ್ದರೆ ಎಲ್ಲಿಗೆ ನಾಟುತ್ತಿತ್ತು ಎಂದು ನೆನೆದು ಸಿದ್ಧಾರೂಢ ಹೆಗಲ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡ. "ಕಾಕಾ," ಎಂದ, "ನಾ ಆವತ್ತ ಬೀಗರ ಮುಂದ ನಿನಗ..."

"ಏನಂದಿದ್ದಿ?" ಕಾಕಾ ಕಿವಿಗೆ ಕೈ ಹಿಡಿದ. "ನನಗೇನ ನೆನಪಿಲ್ಲಪಾ. ನಿನ್ನ ಚಡ್ಡಿ ಉದುರಾಕ ಹತ್ತಿತ್ತು, ಅಷ್ಟ ನೆನಪೈತಿ." ಕಟ್ಟೆಯಿಂದ ಚನ್ನವ್ವ, ಯಾರು ಬಂದವರು ಎಂದು ಕೂಗುತ್ತಿದ್ದಳು. ಕಾಕಾ ಕೋಲೂರುತ್ತ ಅತ್ತ ನಡೆದ, "ವೈನೀ, ನಾನ ಬಂದೇನಿ, ರೊಟ್ಟಿ ಐತೇನು?" ಎನ್ನುತ್ತ, ಒಲೆ ಬೇರೆಯಾದ ದಿನದಿಂದ ಹಿಡಿದಿಟ್ಟ ಹಸಿವೆಯೆಲ್ಲ ಆ ದನಿಯಲ್ಲಿತ್ತು.

ಮಗಳು ಗಿರಣಿಯ ಬಾಗಿಲಿಗೆ ಒರಗಿ, ರಿಬ್ಬನ್ನಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು. ಅವನು ಅವಳ ಮುಂದೆ ಹೋಗಿ ನಿಂತ.

"ನಾ ಏನ ಹೇಳಿ ಕಳಿಸಿದ್ದೆ?"

"ಟ್ರ್ಯಾಕ್ಸಿನಾಗ ಗದ್ದಲ ಭಾಳ ಇತ್ತಪಾ. ಅರ್ಧಾ ಮರತ ಹೋತು."

"ಪರಪ್ಪನ ನಂಬರ ಎಷ್ಟು?"

ಹತ್ತೂ ಅಂಕಿ ಒಂದೇ ಉಸಿರಿನಲ್ಲಿ ಬಂದವು. ಬಂದ ಮೇಲೆ, ಸಿಕ್ಕಿಬಿದ್ದೆನೆಂದು ತಿಳಿದು ನಾಲಿಗೆ ಕಚ್ಚಿಕೊಂಡಳು. ಕತ್ತು ಬಗ್ಗಿಸಿ, ನೆಲದ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಹೆಬ್ಬೆರಳಿನಿಂದ ಗೆರೆ ಎಳೆಯುತ್ತ ಹೇಳಿದಳು. "ನಾ ಹೇಳಬೇಕಂತನ ಹೋಗಿದ್ದೆ ಅಪ್ಪಾ. ಆದ್ರ ಆ ಮುತ್ಯಾ ನಾ ಯಾರ ಮಗಳು ಅಂತ ಗೊತ್ತಾದ ಕೂಡಲೆ ಕೋಲ ಬಿಟ್ಟ ಎದ್ದ ನಿಂತ್ರು. ಎದ್ದ ನಿಂತವ್ರಿಗೆ ಅಂಥಾ ಮಾತ ಹೆಂಗ ಹೇಳೂದು? ಆ ಮನೀ ಅಜ್ಜಿ, ಆ ಗಿಡಕ್ಕ ನಿಮ್ಮಪ್ಪ ಜೋಕಾಲಿ ಕಟ್ಟತಿದ್ದ ಅಂದ್ರು. ಅದಕ್ಕ... ಸಿಟ್ಟಾದ್ಯಾ?"

ಅವನು ಅವಳ ತಲೆಯ ಮೇಲೆ ಕೈ ಇಟ್ಟ, ಕಪ್ಪು ಕೂದಲೆಲ್ಲ ಬೆಳ್ಳಗಾಯಿತು; ಅವಳು 'ಅಪ್ಪಾ, ನಿನ್ನೆ ಎರಕೊಂಡೇನಿ!' ಎಂದು ಚೀರಿ ತಪ್ಪಿಸಿಕೊಂಡು ಓಡಿದಳು. ಎದೆಯೊಳಗೆ ಮೂವತ್ತು ವರ್ಷದಿಂದ ತಿರುಗುತ್ತಿದ್ದ ಕಲ್ಲು ನಿಂತ ಹಾಗಾಗಿ, ತನ್ನ ಸಂತೋಷ ಎಷ್ಟು ದೊಡ್ಡದೆಂದು ಅವನಿಗೇ ನಾಚಿಕೆಯಾಯಿತು. ಮನೆಯೊಳಗೆ ಅವ್ವನ ದನಿಯೂ ಕಾಕಾನ ಕೋಲೂ ಒಟ್ಟಿಗೆ ಏನೋ ಬಡಿದಾಡುತ್ತಿದ್ದವು, ನಿಜಾಮಸಾಬ ಬಾಗಿಲಲ್ಲಿ ನಿಂತು ಉಂಡಿ ತಿನ್ನುತ್ತಿದ್ದ, ನಾಗರತ್ನಾ ಬಂದವರಿಗೆ ನೀರು ಒಯ್ಯುತ್ತ ಗಂಡನ ಹತ್ತಿರ ಒಂದು ಕ್ಷಣ ನಿಂತಳು.

"ಏನಾತ್ರಿ ನಿಮ್ಮ ಪರೀಕ್ಷಾ?"

"ನಪಾಸು," ಎಂದ ಸಿದ್ಧಾರೂಢ. "ಪೂರಾ ನಪಾಸಾದ್ಲು. ನಾಳೆ ಬೈಲಹೊಂಗಲಕ್ಕ ಹೋಗಿ ಆಕಿಗೊಂದ ಫೋನ ತಂದಬಿಡೂನು."

"ನಪಾಸಾದವ್ರಿಗೆ ಯಾರರೆ ಫೋನ ಕೊಡಸ್ತಾರೇನ್ರಿ?"

ಅವನು ಮೀಸೆಯ ಮೇಲಿನ ಹಿಟ್ಟು ಒರೆಸಿಕೊಂಡ. ಒಳಗಿನಿಂದ ಕಾಕಾನ ನಗು ಕೇಳಿಸುತ್ತಿತ್ತು, ಕಟ್ಟೆಯ ಮೇಲೆ ಬೀಗರನ್ನು ನಗಿಸುತ್ತಿದ್ದ ಅದೇ ನಗು.

"ನಾ ಹತ್ತ ವರ್ಷದವ ಇದ್ದಾಗ," ಎಂದ, "ಪಾಸಾಗಿದ್ದೆ."